ಹಿಟ್ಟಿನ ಕೋಳಿಯೂ ಪರದೆಯ ಶತ್ರುವೂ

ಕೊಲ್ಲಲ್ಪಡುವ ಜೀವವೇ ಇಲ್ಲದಿರುವಲ್ಲಿ ಹಿಂಸೆಯು ಇರಲು ಸಾಧ್ಯವೇ? ಕನ್ನಡ ಬಲ್ಲ ಜೈನ ವಾಚಕರಿಗೆ ಈ ಪ್ರಶ್ನೆ ಹೊಸತಲ್ಲ. 1209ರಲ್ಲಿ ಜನ್ನ ಕವಿಯು ರಚಿಸಿದ ‘ಯಶೋಧರ ಚರಿತೆ’ಯು ಇದೇ ಪ್ರಶ್ನೆಯ ಸುತ್ತ ಹೆಣೆದ ಕಾವ್ಯ. ಜೀವಬಲಿಯನ್ನು ಕೊಡಲೊಪ್ಪದ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನಿಂದ ಮಾಡಿದ ಕೋಳಿಯನ್ನು ದೇವತೆಗೆ ಬಲಿಗೊಡುತ್ತಾನೆ. ಅಲ್ಲಿ ರಕ್ತ ಹರಿಯಲಿಲ್ಲ, ಪ್ರಾಣ ಹೋಗಲಿಲ್ಲ. ಆದರೂ ತಾಯಿ ಮಗನಿಬ್ಬರೂ ಭವಭವಗಳಲ್ಲಿ ತಿರ್ಯಂಚರಾಗಿ ಹುಟ್ಟಿ ನರಳಬೇಕಾಯಿತು. ಎಂಟು ಶತಮಾನಗಳ ನಂತರ ಅದೇ ಪ್ರಶ್ನೆಯು ಬೇರೊಂದು ವೇಷ ತೊಟ್ಟು ನಮ್ಮ ಮನೆಯ ಹಜಾರದಲ್ಲಿ ಕುಳಿತಿದೆ. ಹನ್ನೆರಡು ವರ್ಷದ ಬಾಲಕನು ಗುಂಡಿಯೊತ್ತುತ್ತಾನೆ. ಪರದೆಯ ಮೇಲೆ ಶತ್ರುವೊಬ್ಬನು ಉರುಳುತ್ತಾನೆ. “ಇದು ಪಾಪವಲ್ಲವೇ?” ಎಂದು ತಂದೆ ಕೇಳಿದರೆ, “ಇದು ಬರಿಯ ಆಟ, ಅಲ್ಲಿ ಯಾರೂ ಸಾಯುವುದಿಲ್ಲ” ಎಂದು ಮಗ ಉತ್ತರಿಸುತ್ತಾನೆ. ಇಬ್ಬರ ಮಾತಿನಲ್ಲಿಯೂ ಅರ್ಧ ಸತ್ಯವಿದೆ. ಆ ಅರ್ಧಗಳನ್ನು ಕೂಡಿಸುವ ಪ್ರಯತ್ನವೇ ಈ ಲೇಖನದ ಉದ್ದೇಶ.

ಈ ಲೇಖಕನು ವೃತ್ತಿಯಿಂದ ದಿನಸಿ ವರ್ತಕ. ಅಂಗಡಿಯ ಲೆಕ್ಕಪತ್ರಕ್ಕೆಂದು ಗಣಕಯಂತ್ರವೊಂದು ಬಂದ ಕಾಲದಿಂದಲೂ, ವಹಿವಾಟು ಮುಗಿದ ಮೇಲೆ ಅದರಲ್ಲಿ ಒಂದಿಷ್ಟು ಹೊತ್ತು ಆಟವಾಡುವ ಅಭ್ಯಾಸವುಳ್ಳವನು. ಟೆಟ್ರಿಸ್, ಪ್ರಿನ್ಸ್ ಆಫ್ ಪರ್ಷಿಯಾ ಮುಂತಾದವುಗಳಿಂದ ಮೊದಲ್ಗೊಂಡು ಇಂದಿನ ಮೊಬೈಲ್ ಆಟಗಳವರೆಗೆ ಮೂರು ದಶಕಗಳಿಗೂ ಮಿಕ್ಕಿದ ಪರಿಚಯವಿದೆ. ಆಡದವರು ಆಟವನ್ನು ಹಳಿಯುವುದು ಸುಲಭ. ಮಾರುವವರು ಅದನ್ನು ಹೊಗಳುವುದು ಇನ್ನೂ ಸುಲಭ. ಆಡಿದವನೂ ಮಾರದವನೂ ಆದವನು ನಿಷ್ಪಕ್ಷಪಾತವಾಗಿ ನಾಲ್ಕು ಮಾತು ಹೇಳಬಹುದೆಂಬ ಭರವಸೆಯಿಂದ ಇದನ್ನು ಬರೆಯಲಾಗಿದೆ.

ಲೌಕಿಕ ಜಗತ್ತು ಈ ವಿಷಯವನ್ನು ಹೇಗೆ ಚರ್ಚಿಸಿತೆಂಬುದನ್ನು ಮೊದಲು ಗಮನಿಸೋಣ. 1992ರಲ್ಲಿ ಮಾರ್ಟಲ್ ಕಾಂಬ್ಯಾಟ್ ಎಂಬ ಕಾಳಗದ ಆಟವು ಬಂದಾಗ, ಸೋತ ಎದುರಾಳಿಯನ್ನು ಭೀಕರವಾಗಿ ಕೊಲ್ಲುವ ದೃಶ್ಯಗಳು ಅಮೆರಿಕದಲ್ಲಿ ಕೋಲಾಹಲವನ್ನೆಬ್ಬಿಸಿದವು. 1993ರ ಡಿಸೆಂಬರ್‌ನಲ್ಲಿ ಅಲ್ಲಿನ ಸೆನೆಟ್ ವಿಚಾರಣೆ ನಡೆಸಿತು. ಅದರ ಫಲವಾಗಿ 1994ರಲ್ಲಿ ಆಟಗಳಿಗೆ ವಯೋಮಿತಿಯ ಗುರುತು ನೀಡುವ ಮಂಡಳಿಯು ಸ್ಥಾಪನೆಯಾಯಿತು. ಹಿಂಸಾತ್ಮಕ ಆಟಗಳನ್ನು ಅಪ್ರಾಪ್ತರಿಗೆ ಮಾರಕೂಡದೆಂದು ಕ್ಯಾಲಿಫೋರ್ನಿಯಾ ರಾಜ್ಯವು ಮಾಡಿದ ಕಾನೂನನ್ನು 2011ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಏಳಕ್ಕೆ ಎರಡರ ಬಹುಮತದಿಂದ ರದ್ದುಪಡಿಸಿತು. ಪುಸ್ತಕ, ನಾಟಕಗಳಂತೆ ಆಟವೂ ಅಭಿವ್ಯಕ್ತಿಯೇ ಎಂದು ಅದು ಎಣಿಸಿತು. ಅಮೆರಿಕದ ಮನೋವಿಜ್ಞಾನಿಗಳ ಸಂಘವು 2020ರಲ್ಲಿ, ಇಂತಹ ಆಟಗಳಿಗೂ ಕೂಗಾಟ, ತಳ್ಳಾಟಗಳಂತಹ ಸಣ್ಣ ಆಕ್ರಮಣಶೀಲತೆಗೂ ಅಲ್ಪ ಸಂಬಂಧ ಕಂಡುಬಂದಿದೆಯಾದರೂ, ಕೊಲೆ ಹಲ್ಲೆಗಳಂತಹ ಕೃತ್ಯಗಳಿಗೆ ಆಟವೇ ಕಾರಣವೆನ್ನಲು ಸಾಕಷ್ಟು ಆಧಾರವಿಲ್ಲವೆಂದು ಸ್ಪಷ್ಟಪಡಿಸಿತು. ಆದುದರಿಂದ, ಆಟವಾಡಿದ ಹುಡುಗನು ನಾಳೆ ಕೊಲೆಗಡುಕನಾಗುವನೆಂದು ಹೆದರಿಸುವುದು ಸತ್ಯಾಣುವ್ರತಕ್ಕೆ ಒಪ್ಪುವ ಮಾತಲ್ಲ.

ಆದರೆ ಇಲ್ಲಿಗೆ ಚರ್ಚೆ ಮುಗಿಯಿತೆಂದು ಲೋಕವು ಭಾವಿಸಿದರೆ, ಜೈನ ನೀತಿಶಾಸ್ತ್ರಕ್ಕೆ ಅದು ಆಗಷ್ಟೇ ಆರಂಭವಾಗುತ್ತದೆ. ಕಾನೂನೂ ವಿಜ್ಞಾನವೂ ಕೇಳುವುದು “ಈ ಆಟದಿಂದ ಹೊರಗೆ ಏನಾಗುತ್ತದೆ?” ಎಂಬ ಪ್ರಶ್ನೆಯನ್ನು. ನಮ್ಮ ಆಚಾರ್ಯರು ಕೇಳಿದ್ದು “ಒಳಗೆ ಏನಾಗುತ್ತದೆ?” ಎಂಬುದನ್ನು. ಪ್ರಮತ್ತಯೋಗದಿಂದ ಪ್ರಾಣಹಾನಿ ಮಾಡುವುದೇ ಹಿಂಸೆಯೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ನಿರೂಪಿಸಿದರು. ರಾಗಾದಿಗಳು ಹುಟ್ಟದಿರುವುದೇ ಅಹಿಂಸೆ, ಹುಟ್ಟುವುದೇ ಹಿಂಸೆ ಎಂಬ ತಾತ್ಪರ್ಯವನ್ನು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ವಿಸ್ತರಿಸಿದರು. ನೆಲವನ್ನು ಉಳುವ ರೈತನ ನೇಗಿಲಿಗೆ ಅನೇಕ ಕ್ಷುದ್ರಜೀವಿಗಳು ಸಿಲುಕಿ ಸಾಯುತ್ತವೆ. ಬಿಲ್ಲು ಹಿಡಿದು ಇಡೀ ದಿನ ಅಲೆದ ಬೇಟೆಗಾರನಿಗೆ ಒಂದು ಮೊಲವೂ ಸಿಗದಿರಬಹುದು. ಆದರೂ ಹಿಂಸಕನೆಂಬ ಹೆಸರು ಸಲ್ಲುವುದು ಬೇಟೆಗಾರನಿಗೆ. ದ್ರವ್ಯಹಿಂಸೆಯ ಲೆಕ್ಕ ಬೇರೆ, ಭಾವಹಿಂಸೆಯ ಲೆಕ್ಕ ಬೇರೆ. ಪರದೆಯ ಆಟದಲ್ಲಿ ದ್ರವ್ಯಹಿಂಸೆಯ ಪುಟ ಖಾಲಿಯಾಗಿರುತ್ತದೆ. ಆಡುವವನ ಖಾತೆಯನ್ನು ತೂಗಿನೋಡಬೇಕಾದದ್ದು ಎರಡನೆಯ ಪುಟದಲ್ಲಿ.

ಹಾಗಾದರೆ ಪರದೆಯ ಮೇಲಿನ ಪ್ರತಿಯೊಂದು ‘ಕೊಲೆ’ಯೂ ಹಿಟ್ಟಿನ ಕೋಳಿಯ ಬಲಿಗೆ ಸಮವೇ? ಅವಸರದಿಂದ ಹೌದೆನ್ನಲಾಗದು. ಯಶೋಧರನ ಸಂಕಲ್ಪವನ್ನು ಸೂಕ್ಷ್ಮವಾಗಿ ನೋಡಬೇಕು. ಅವನಿಗೆ ಹಿಟ್ಟಿನ ಕೋಳಿಯು ಆಟಿಕೆಯಾಗಿರಲಿಲ್ಲ. ಜೀವಂತ ಕೋಳಿಯ ಪ್ರತಿನಿಧಿಯಾಗಿತ್ತು. ನಿಜವಾದ ಬಲಿಯಿಂದ ದೊರೆಯಬೇಕಾದ ಫಲವೇ ಇದರಿಂದಲೂ ದೊರೆಯಲೆಂಬ ಅಪೇಕ್ಷೆಯಿಂದ, ಕೊಲ್ಲುತ್ತಿದ್ದೇನೆಂಬ ಭಾವನೆಯಿಂದಲೇ ಕತ್ತಿಯೆತ್ತಲಾಯಿತು. ವಸ್ತು ಬದಲಾಯಿತು, ಸಂಕಲ್ಪ ಬದಲಾಗಲಿಲ್ಲ. ಚದುರಂಗವಾಡುವವನು ಎದುರಾಳಿಯ ಆನೆಯನ್ನು ‘ಹೊಡೆದೆ’ ಎನ್ನುತ್ತಾನೆ, ಕುದುರೆಯನ್ನು ‘ಕಡಿದೆ’ ಎನ್ನುತ್ತಾನೆ. ಅವನ ಮನಸ್ಸಿನಲ್ಲಿ ಆನೆಯೂ ಇಲ್ಲ, ಕುದುರೆಯೂ ಇಲ್ಲ. ಇರುವುದು ಮನೆಗಳ ಲೆಕ್ಕಾಚಾರ. 1978ರಲ್ಲಿ ಜಪಾನಿನ ಟೈಟೋ ಸಂಸ್ಥೆಯು ಹೊರತಂದ ಸ್ಪೇಸ್ ಇನ್ವೇಡರ್ಸ್ ಆಟದಲ್ಲಿ ಸಾಲುಸಾಲಾಗಿ ಇಳಿದುಬರುವ ಆಕೃತಿಗಳನ್ನು ಹೊಡೆದುರುಳಿಸಬೇಕು. ಅದನ್ನಾಡುವವನ ಮನಸ್ಸು ಕಣ್ಣು-ಕೈಗಳ ಹೊಂದಾಣಿಕೆಯಲ್ಲಿ ತೊಡಗಿರುತ್ತದೆಯೇ ಹೊರತು ವಧೆಯಲ್ಲಿ ಅಲ್ಲ. ಇಂತಹವನ್ನು ಸಂಕಲ್ಪಹಿಂಸೆಯೆಂದು ಕರೆದರೆ, ಆ ಪದದ ತೂಕವೇ ಇಳಿದುಹೋಗುತ್ತದೆ.

ಇನ್ನೊಂದು ಬಗೆಯ ಆಟವಿದೆ. ಅಲ್ಲಿ ವಧೆಯು ಲೆಕ್ಕಾಚಾರದ ನೆಪವಲ್ಲ, ರಸವೇ ಅದು. ಎದುರಾಳಿ ನರಳುವುದನ್ನು ಹತ್ತಿರದಿಂದ ತೋರಿಸಲಾಗುತ್ತದೆ. ಹೆಚ್ಚು ಕ್ರೂರವಾಗಿ ಕೊಂದವನಿಗೆ ಹೆಚ್ಚು ಅಂಕ ದೊರೆಯುತ್ತದೆ. ಅದನ್ನು ಕಂಡು ಆಡುವವನ ಮನಸ್ಸು ಹಿಗ್ಗಿದರೆ, ಶಾಸ್ತ್ರವು ಅದಕ್ಕೆ ಹಿಂದೆಯೇ ಹೆಸರಿಟ್ಟಿದೆ: ಹಿಂಸಾನಂದಿ ರೌದ್ರಧ್ಯಾನ. ಹಾಗೆಯೇ ಪ್ರಯೋಜನವಿಲ್ಲದೆ ಪಾಪಕ್ಕೆ ಎಡೆಗೊಡುವ ಅನರ್ಥದಂಡದ ಐದು ಪ್ರಕಾರಗಳನ್ನು ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಹೇಳುವಾಗ ಅಪಧ್ಯಾನವನ್ನೂ ದುಃಶ್ರುತಿಯನ್ನೂ ಪ್ರಮಾದಚರ್ಯೆಯನ್ನೂ ಸೇರಿಸಿದ್ದಾರೆ. ಮನಸ್ಸನ್ನು ಕಲುಷಿತಗೊಳಿಸುವ ಕೇಳ್ವಿಯೇ ದೋಷವಾದರೆ, ಗಂಟೆಗಟ್ಟಲೆ ನೋಡುವ ಹಾಗೂ ಮಾಡುವ ಚಟುವಟಿಕೆಯ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ನಮ್ಮ ಮಹಾಕವಿ ಪಂಪನೇ ‘ವಿಕ್ರಮಾರ್ಜುನ ವಿಜಯ’ದಲ್ಲಿ ಯುದ್ಧವನ್ನು ವರ್ಣಿಸಿದ್ದಾನೆ, ಅದನ್ನೋದಿ ಆನಂದಿಸುವ ಶ್ರಾವಕನಿಗೆ ಇಲ್ಲದ ದೋಷವು ಆಟಗಾರನಿಗೇಕೆ? ಪ್ರಶ್ನೆ ನ್ಯಾಯವಾದದ್ದೇ. ಕೃತ, ಕಾರಿತ, ಅನುಮೋದಿತ ಎಂಬ ಮೂರು ದ್ವಾರಗಳನ್ನು ನೆನೆದರೆ ವ್ಯತ್ಯಾಸವು ತಿಳಿಯುತ್ತದೆ. ಕಾವ್ಯದ ಓದುಗನು ಕಥೆಯ ಸಾಕ್ಷಿ. ಅವನು ದುರ್ಯೋಧನನಿಗಾಗಿ ಮರುಗಲೂಬಹುದು. ಆಟಗಾರನಾದರೋ ಗುಂಡಿಯೊತ್ತುವ ಕರ್ತೃ. ಅವನು ಒತ್ತದಿದ್ದರೆ ಕಥೆ ಮುಂದೆ ಸಾಗದು. ಕರ್ತೃತ್ವವು ಹೆಚ್ಚಿದಷ್ಟೂ ಭಾವದ ಹೊಣೆಯೂ ಹೆಚ್ಚುತ್ತದೆ. ಆದರೆ ಇದೇ ಕಾರಣದಿಂದ ಆಟಕ್ಕೆ ಕಾವ್ಯಕ್ಕಿಲ್ಲದ ಒಂದು ಅವಕಾಶವೂ ಇದೆ: ಆಟಗಾರನು ಕೊಲ್ಲದಿರಲು ನಿರ್ಧರಿಸಬಲ್ಲನು.

ಇದು ಕೇವಲ ಊಹೆಯಲ್ಲ. 2015ರಲ್ಲಿ ಅಮೆರಿಕದ ಟೋಬಿ ಫಾಕ್ಸ್ ಎಂಬ ತರುಣನು ರಚಿಸಿದ ಅಂಡರ್‌ಟೇಲ್ ಎಂಬ ಆಟವನ್ನು ನಮ್ಮ ಯುವಕರು ಅನೇಕರು ಬಲ್ಲರು. ಮಗುವೊಂದು ಪಾತಾಳಕ್ಕೆ ಬಿದ್ದು ಅಲ್ಲಿನ ವಿಚಿತ್ರ ಜೀವಿಗಳನ್ನು ಎದುರಿಸುತ್ತದೆ. ಪ್ರತಿಯೊಂದು ಮುಖಾಮುಖಿಯಲ್ಲಿಯೂ ಹೋರಾಡಬಹುದು, ಇಲ್ಲವೇ ಮಾತನಾಡಿಸಿ, ಸಮಾಧಾನಪಡಿಸಿ, ಕ್ಷಮಿಸಿ ಬಿಡಬಹುದು. ಒಂದು ಜೀವಿಯನ್ನೂ ಕೊಲ್ಲದೆ ಆಟವನ್ನು ಪೂರ್ಣಗೊಳಿಸಲು ಸಾಧ್ಯ; ಅದು ಕಷ್ಟದ ದಾರಿ, ಏಕೆಂದರೆ ಹೊಡೆತವನ್ನು ತಿನ್ನುತ್ತ ತಾಳ್ಮೆಯಿಂದಿರಬೇಕು. ಕೊಲ್ಲುತ್ತ ಹೋದವನು ತಾನು ಗಳಿಸಿದ್ದು ‘ಅನುಭವ’ದ ಅಂಕಗಳೆಂದು ತಿಳಿದಿರುತ್ತಾನೆ, ಅವು ವಧೆಯ ಅಂಕಗಳೆಂದು ಕೊನೆಯಲ್ಲಿ ಆಟವೇ ಅವನಿಗೆ ತಿಳಿಸುತ್ತದೆ. ಇನ್ನೂ ಸ್ವಾರಸ್ಯವೆಂದರೆ, ಒಬ್ಬರನ್ನು ಕೊಂದು, ಪಶ್ಚಾತ್ತಾಪಪಟ್ಟು, ಆಟವನ್ನು ಹಿಂದಕ್ಕೆ ಸರಿಸಿ ಅವರನ್ನು ಉಳಿಸಿಕೊಂಡರೂ, ಹಿಂದಿನ ಕೃತ್ಯವನ್ನು ಬಲ್ಲ ಪಾತ್ರವೊಂದು ಎದುರಾಗಿ ಅದನ್ನು ಎತ್ತಿ ಆಡುತ್ತದೆ. ಮಾಡಿದ ಕರ್ಮವು ಅಳಿಸಿದೆನೆಂದ ಮಾತ್ರಕ್ಕೆ ಅಳಿಯದು ಎಂಬುದನ್ನು ಇಷ್ಟು ಸರಳವಾಗಿ ಮಕ್ಕಳಿಗೆ ತೋರಿಸಬಲ್ಲ ಪಾಠಗಳು ವಿರಳ. ಅದನ್ನು ರಚಿಸಿದವನು ಜೈನನಲ್ಲ; ಸತ್ಯವು ಒಂದೇ ಬಾಗಿಲಿನಿಂದ ಬರಬೇಕೆಂಬ ಹಟ ಅನೇಕಾಂತವಾದಿಗೆ ಸಲ್ಲದು.

ಆಟದ ಮೂಲಕ ಧರ್ಮವನ್ನು ಕಲಿಸುವುದು ನಮ್ಮ ಪೂರ್ವಜರಿಗೂ ತಿಳಿದಿತ್ತು. ಇಂದು ಹಾವು-ಏಣಿ ಎಂದು ಮಕ್ಕಳು ಆಡುವ ಆಟದ ಮೂಲರೂಪವಾದ ಜ್ಞಾನ ಚೌಪಡ್‌ನ ಜೈನ ಪಟಗಳನ್ನು ಗುಜರಾತ್, ರಾಜಸ್ಥಾನಗಳಲ್ಲಿ ಬಟ್ಟೆಯ ಮೇಲೆಯೂ ಕಾಗದದ ಮೇಲೆಯೂ ಚಿತ್ರಿಸುತ್ತಿದ್ದರು. ಅವುಗಳಲ್ಲಿ ಹಲವಕ್ಕೆ 84 ಮನೆಗಳು. ಸದ್ಗುಣದ ಮನೆಯಿಂದ ಏಣಿ, ದುರ್ಗುಣದ ಮನೆಯಿಂದ ಹಾವು, ತುತ್ತತುದಿಯಲ್ಲಿ ಮುಕ್ತಿಯ ನೆಲೆ. ಅದರಲ್ಲಿಯೂ ದಾಳವಿತ್ತು, ಆದರೆ ಪಣವಿರಲಿಲ್ಲ. ಆದುದರಿಂದಲೇ ಅದು ದ್ಯೂತವಾಗಲಿಲ್ಲ.

ಸ್ಪರ್ಧೆಯನ್ನೂ ನಮ್ಮ ಪರಂಪರೆಯು ಸಾರಾಸಗಟಾಗಿ ತಿರಸ್ಕರಿಸಿಲ್ಲ. ಭರತ-ಬಾಹುಬಲಿಯರ ಸೇನೆಗಳು ಎದುರುಬದುರಾಗಿ ನಿಂತಾಗ, ಸಾವಿರಾರು ಸೈನಿಕರ ಪ್ರಾಣಹಾನಿಯನ್ನು ತಪ್ಪಿಸಲು ಮಂತ್ರಿಗಳು ಸೂಚಿಸಿದ್ದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು. ಅವು ಒಂದರ್ಥದಲ್ಲಿ ಯುದ್ಧಕ್ಕೆ ಬದಲಾಗಿ ಆಡಿದ ಆಟಗಳು. ಅಲ್ಲಿ ರಕ್ತಪಾತವಾಗಲಿಲ್ಲ. ಆದರೂ ಸೋತ ಭರತನು ಕೋಪವನ್ನು ತಡೆಯಲಾರದೆ ಚಕ್ರರತ್ನವನ್ನು ಪ್ರಯೋಗಿಸಿದನು. ಗೆದ್ದ ಬಾಹುಬಲಿಯು ಅಣ್ಣನ ಆ ಸ್ಥಿತಿಯನ್ನು ಕಂಡು, ಇದಕ್ಕೆಲ್ಲ ಮೂಲ ರಾಜ್ಯದಾಸೆಯೆಂದರಿತು ವಿರಕ್ತನಾದನು. ದೋಷವು ಮಲ್ಲಯುದ್ಧದಲ್ಲಿರಲಿಲ್ಲ; ಮಾನಕಷಾಯದಲ್ಲಿತ್ತು. ಸೋತೊಡನೆ ಮೊಬೈಲನ್ನು ಗೋಡೆಗೆಸೆಯುವ, ಕಾಣದ ಎದುರಾಳಿಯ ತಾಯಿಯನ್ನು ಹೆಸರಿಡಿದು ಬೈಯುವ ಹುಡುಗನಿಗೆ ಹೇಳಬೇಕಾದ ಕಥೆಯಿದು. ಹುಡುಗನು ಯಾವ ಆಟ ಆಡಿದನೆಂಬುದಕ್ಕಿಂತ, ಆಟವನ್ನು ನಿಲ್ಲಿಸೆಂದು ಕರೆದಾಗ ಅವನ ಮುಖ ಹೇಗಿತ್ತೆಂಬುದನ್ನು ನೋಡಿದರೆ ತಾಯಿತಂದೆಯರಿಗೆ ಹೆಚ್ಚು ತಿಳಿಯುತ್ತದೆ.

ಇನ್ನು ವರ್ತಕನ ಕಣ್ಣಿಗೆ ಬೀಳುವ ವಿಚಾರ. ನಮ್ಮ ಸಮಾಜದಲ್ಲಿ ಪರದೆಯ ಬಂದೂಕಿನ ಬಗ್ಗೆ ಇರುವಷ್ಟು ಆತಂಕವು ಪರದೆಯ ಪೆಟ್ಟಿಗೆಯ ಬಗ್ಗೆ ಇಲ್ಲ. ಲೂಟ್ ಬಾಕ್ಸ್ ಎನ್ನಲಾಗುವ ಈ ಪೆಟ್ಟಿಗೆಯನ್ನು ಹಣ ಕೊಟ್ಟು ಕೊಳ್ಳಬೇಕು. ತೆರೆದ ಮೇಲೆಯೇ ಒಳಗಿರುವುದು ಏನೆಂದು ತಿಳಿಯುವುದು. ಒಳ್ಳೆಯ ವಸ್ತು ಸಿಗುವ ಸಂಭವ ಅತ್ಯಲ್ಪ, ಆಸೆ ಮಾತ್ರ ಅಪಾರ. ಸಪ್ತವ್ಯಸನಗಳಲ್ಲಿ ದ್ಯೂತವನ್ನು ಮೊದಲಿಗೆ ಎಣಿಸಿದುದರ ಅರ್ಥ ಇಲ್ಲಿ ಹೊಳೆಯುತ್ತದೆ. 2018ರಲ್ಲಿ ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಆಯೋಗವು ಕೆಲವು ಪ್ರಸಿದ್ಧ ಆಟಗಳ ಇಂತಹ ಪೆಟ್ಟಿಗೆಗಳನ್ನು ಜೂಜೆಂದೇ ಘೋಷಿಸಿತು. ಚೀನಾವು 2017ರಿಂದ ಅವುಗಳಲ್ಲಿ ಏನು ಸಿಗುವ ಸಂಭವ ಎಷ್ಟೆಂಬುದನ್ನು ಪ್ರಕಟಿಸಲೇಬೇಕೆಂದು ನಿಯಮ ಮಾಡಿತು. ಫೋರ್ಟ್‌ನೈಟ್ ಆಟದ ಒಡೆತನದ ಎಪಿಕ್ ಗೇಮ್ಸ್ ಸಂಸ್ಥೆಯು, ಆಟಗಾರರು ತಿಳಿಯದೆಯೇ ಖರೀದಿಸುವಂತೆ ಗುಂಡಿಗಳನ್ನು ಜೋಡಿಸಿತ್ತೆಂಬ ಮತ್ತು ಮಕ್ಕಳ ಮಾಹಿತಿಯ ರಕ್ಷಣೆಯ ನಿಯಮವನ್ನು ಮೀರಿತ್ತೆಂಬ ಆರೋಪಗಳ ಇತ್ಯರ್ಥಕ್ಕಾಗಿ 2022ರಲ್ಲಿ ಒಟ್ಟು 52 ಕೋಟಿ ಡಾಲರ್ ತೆರಲು ಅಮೆರಿಕದ ವ್ಯಾಪಾರ ಆಯೋಗದೊಂದಿಗೆ ಒಪ್ಪಿಕೊಂಡಿತು.

ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೂ ಪ್ರತಿರೂಪಕ ವ್ಯವಹಾರವೂ ಸೇರಿವೆ. ಕೊಳ್ಳುವಾಗ ಒಂದು ತೂಕ, ಮಾರುವಾಗ ಇನ್ನೊಂದು ತೂಕ ಇಡುವವನೂ, ಕಲಬೆರಕೆಯನ್ನು ಅಸಲೆಂದು ಮಾರುವವನೂ ಕಳ್ಳತನದ ಅಂಚಿನಲ್ಲಿರುತ್ತಾರೆ. ಅಕ್ಕಿಯ ಮೂಟೆಯನ್ನು ಹೊಲಿದಿಟ್ಟು, ಒಳಗೆ ಸಣ್ಣಕ್ಕಿಯೋ ನುಚ್ಚೋ ಹೊಟ್ಟೋ ಎಂದು ಹೇಳದೆ ಮಾರುವ ವರ್ತಕನನ್ನು ಪೇಟೆಯು ಒಂದು ವಾರವೂ ಸಹಿಸದು. ಅದೇ ವ್ಯಾಪಾರವನ್ನು ಎಂಟು ವರ್ಷದ ಮಗುವಿನೊಡನೆ ನಡೆಸಿದರೆ ಅದನ್ನು ಚಾತುರ್ಯವೆನ್ನಲಾಗುತ್ತದೆ. ನಮ್ಮ ಸಮಾಜದ ಎಷ್ಟೋ ಯುವಕ ಯುವತಿಯರು ಇಂದು ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ತಂತ್ರಾಂಶ ಕ್ಷೇತ್ರದಲ್ಲಿ ದುಡಿಯುತ್ತಿದ್ದಾರೆ. ಆಡುವವರ ಅಹಿಂಸೆಯನ್ನು ಪ್ರಶ್ನಿಸುವ ನಾವು, ರಚಿಸುವವರ ಅಚೌರ್ಯವನ್ನೂ ಅವರ ಮುಂದಿರಿಸಬೇಕು. ಹದಿನೈದು ಕರ್ಮಾದಾನಗಳನ್ನು ಹೆಸರಿಸಿ, ಇಂತಿಂತಹ ಉದ್ಯಮಗಳು ಶ್ರಾವಕನಿಗೆ ಉಚಿತವಲ್ಲವೆಂದು ಹೇಳಿದ ಪರಂಪರೆಗೆ ಇದು ಹೊರತಾದ ವಿಷಯವಲ್ಲ.

ಉಚಿತವೆಂದು ಬರುವ ಆಟಗಳ ಲೆಕ್ಕವೂ ಹೀಗೆಯೇ. ಅಂಗಡಿಯಲ್ಲಿ ಯಾವ ಸರಕೂ ಬಿಟ್ಟಿಯಾಗಿ ಬರುವುದಿಲ್ಲ. ಬೆಲೆಯನ್ನು ಯಾರು, ಯಾವ ರೂಪದಲ್ಲಿ ತೆರುತ್ತಿದ್ದಾರೆಂದು ವಿಚಾರಿಸಬೇಕು. ಇಲ್ಲಿ ತೆರುವುದು ಆಯುಸ್ಸಿನ ಕ್ಷಣಗಳನ್ನು. ದಿನ ತಪ್ಪದೆ ಬಂದರೆ ಬಹುಮಾನ, ಒಂದು ದಿನ ತಪ್ಪಿದರೆ ನಷ್ಟ, ಎಷ್ಟು ಎಳೆದರೂ ಮುಗಿಯದ ಪುಟ ಎಂಬೀ ಉಪಾಯಗಳು ಈಗ ಆಟಕ್ಕೆ ಸೀಮಿತವಾಗಿ ಉಳಿದಿಲ್ಲ. ಭಾಷೆ ಕಲಿಸುವ, ವಾರ್ತೆ ತೋರಿಸುವ, ಹಣ ಪಾವತಿಸುವ ಆ್ಯಪ್‌ಗಳಿಗೂ ಹಬ್ಬಿವೆ. ಆಟವನ್ನೇ ಮುಟ್ಟದ ಹಿರಿಯರು ವಾಟ್ಸಾಪ್ ಸಂದೇಶಗಳನ್ನು ಮಧ್ಯರಾತ್ರಿಯವರೆಗೆ ದಾಟಿಸುತ್ತ ಕುಳಿತು, ಮೊಮ್ಮಗನ ಆಟವನ್ನು ಮಾತ್ರ ಪ್ರಮಾದವೆನ್ನುವುದು ನ್ಯಾಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗಗಳ ಪಟ್ಟಿಯಲ್ಲಿ, ನಿಯಂತ್ರಣ ತಪ್ಪಿದ ಆಟವನ್ನು ಒಂದು ಅಸ್ವಸ್ಥತೆಯೆಂದು ಸೇರಿಸಿತು. 2022ರ ಜನವರಿಯಿಂದ ಅದು ಜಾರಿಗೆ ಬಂದಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿಯೇ ತಂತ್ರಜ್ಞಾನದ ಆರೋಗ್ಯಕರ ಬಳಕೆಗಾಗಿ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆದಿತ್ತು. ಮಗುವು ನಿದ್ರೆ, ಊಟ, ಓದುಗಳನ್ನು ತೊರೆದು ತಿಂಗಳುಗಟ್ಟಲೆ ಆಟದಲ್ಲಿಯೇ ಮುಳುಗಿದ್ದರೆ ಗದರಿಕೆಯಿಂದಾಗಲಿ ಹರಕೆಯಿಂದಾಗಲಿ ಪ್ರಯೋಜನವಿಲ್ಲ. ವೈದ್ಯರ ಬಳಿಗೆ ಕರೆದೊಯ್ಯುವುದೇ ಕರುಣೆ.

ಇದಕ್ಕೆಲ್ಲ ಕಾನೂನೇ ಪರಿಹಾರವೆನ್ನುವವರುಂಟು. ಚೀನಾವು 2021ರಲ್ಲಿ ಹದಿನೆಂಟು ವರ್ಷದೊಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ಹಾಗೂ ರಜಾದಿನಗಳಲ್ಲಿ ರಾತ್ರಿ 8ರಿಂದ 9ರವರೆಗೆ ಮಾತ್ರ ಅಂತರಜಾಲದ ಆಟಕ್ಕೆ ಅನುಮತಿಯಿತ್ತಿತು. ಕರ್ನಾಟಕವು 2021ರಲ್ಲಿ ಪಣವಿಟ್ಟು ಆಡುವ ಆನ್‌ಲೈನ್ ಆಟಗಳ ವಿರುದ್ಧ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ಉಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ತಳ್ಳಿಹಾಕಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು, ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಶಾಸನವನ್ನು ಅಂಗೀಕರಿಸಿತು. ದ್ಯೂತದ ಅಂಗಡಿಗೆ ಬೀಗ ಹಾಕುವುದು ರಾಜಧರ್ಮ, ಅದನ್ನು ಸ್ವಾಗತಿಸೋಣ. ಆದರೆ ಕಾನೂನು ಕೈಯನ್ನು ಹಿಡಿಯಬಲ್ಲುದು, ಮನಸ್ಸನ್ನಲ್ಲ. ಹೊರಗಿನಿಂದ ಬಂದ ತಡೆಯನ್ನು ಮೀರುವ ದಾರಿಯನ್ನು ಮಕ್ಕಳು ಸಂಜೆಯೊಳಗೆ ಕಂಡುಕೊಳ್ಳುತ್ತಾರೆ. ತಾವೇ ಒಪ್ಪಿ ಕೈಗೊಂಡ ಮಿತಿಯನ್ನು ಮೀರಲು ನಾಚುತ್ತಾರೆ. ವ್ರತಕ್ಕೂ ದಂಡನೆಗೂ ಇರುವ ಅಂತರ ಇದೇ.

ಭೋಗೋಪಭೋಗ ಪರಿಮಾಣ ವ್ರತವು ಭೋಗವನ್ನೆಲ್ಲ ಬಿಡೆಂದು ಗೃಹಸ್ಥನಿಗೆ ಹೇಳುವುದಿಲ್ಲ. ಎಷ್ಟೆಂದು ಮೊದಲೇ ಎಣಿಸಿಕೋ ಎನ್ನುತ್ತದೆ. ಒಂದು ಮುಹೂರ್ತವೆಂದರೆ 48 ನಿಮಿಷ. ಸಾಮಾಯಿಕಕ್ಕೆ ನಾವು ಬಳಸುವ ಅಳತೆಯೂ ಅದೇ. ಆಟಕ್ಕೆ ದಿನಕ್ಕೆ ಒಂದು ಮುಹೂರ್ತವೆಂದು ಮಗನು ನಿಯಮ ಕೈಗೊಂಡರೆ, ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು ಒಂದು ಮುಹೂರ್ತ ಸಾಮಾಯಿಕದಲ್ಲಿ ಕೂರುವ ನಿಯಮವನ್ನು ತಂದೆಯೂ ಕೈಗೊಳ್ಳಲಿ. ಒಬ್ಬರ ನಿಯಮಕ್ಕೆ ಇನ್ನೊಬ್ಬರು ಸಾಕ್ಷಿಯಾದಾಗ ಅದು ಮನೆಯ ಶಿಕ್ಷೆಯಾಗಿ ಉಳಿಯದೆ ಮನೆಯ ಆಚಾರವಾಗುತ್ತದೆ. ತಿಂಗಳಿಗೊಮ್ಮೆಯಾದರೂ ತಂದೆ ತಾಯಿಯರು ಮಗುವಿನ ಪಕ್ಕದಲ್ಲಿ ಕುಳಿತು ಅದು ಆಡುವ ಆಟವನ್ನು ತಾವೂ ಆಡಿನೋಡಬೇಕು. ಈ ಆಟದಲ್ಲಿ ಮನಸ್ಸು ಯಾವುದಕ್ಕೆ ಹಿಗ್ಗುತ್ತಿದೆ, ಇಲ್ಲಿ ಪಣವಿದೆಯೇ, ಕೊಳ್ಳುವ ಸರಕು ಮೊದಲೇ ಕಾಣುತ್ತದೆಯೇ, ನಿಲ್ಲಿಸೆಂದಾಗ ನಿಲ್ಲಿಸಲು ಬರುತ್ತದೆಯೇ ಎಂಬ ನಾಲ್ಕು ಪ್ರಶ್ನೆಗಳನ್ನು ಜೊತೆಯಾಗಿ ಕೇಳಿಕೊಂಡರೆ, ಯಾವ ಆಟ ಉಳಿಯಬೇಕು, ಯಾವುದು ಹೋಗಬೇಕು ಎಂಬುದನ್ನು ಮಗುವೇ ಹೇಳೀತು.

ಬಸದಿಗಳ ಆಡಳಿತ ಮಂಡಳಿಗಳಿಗೂ ಒಂದು ವಿನಂತಿ. ಬೇಸಿಗೆಯ ಸಂಸ್ಕಾರ ಶಿಬಿರಗಳಲ್ಲಿ ಮೊಬೈಲುಗಳನ್ನು ಮೊದಲ ದಿನವೇ ಕಪಾಟಿನಲ್ಲಿಟ್ಟು ಕೊನೆಯ ದಿನ ಹಿಂದಿರುಗಿಸುವ ವಾಡಿಕೆ ಅನೇಕ ಕಡೆಗಳಲ್ಲಿದೆ. ಅದು ಒಳ್ಳೆಯದೇ. ಆದರೆ ಆ ದಿನಗಳಲ್ಲಿ ಒಂದು ಮಧ್ಯಾಹ್ನವನ್ನಾದರೂ ಈ ವಿಷಯದ ಮುಕ್ತ ಚರ್ಚೆಗೆ ಮೀಸಲಿಡಬೇಕು. ಯಶೋಧರನ ಕಥೆಯನ್ನು ಹೇಳಿ, ‘ಹಿಟ್ಟಿನ ಕೋಳಿಗೂ ನಿಮ್ಮ ಆಟದ ಶತ್ರುವಿಗೂ ಏನು ಸಾಮ್ಯ, ಏನು ಭೇದ?’ ಎಂದು ಮಕ್ಕಳನ್ನೇ ಕೇಳಬೇಕು. ಜ್ಞಾನ ಚೌಪಡ್‌ನ ಪಟವೊಂದನ್ನು ಕನ್ನಡದಲ್ಲಿ ಬರೆಯಿಸಿ ಶಿಬಿರದಲ್ಲಿ ಆಡಿಸಬಹುದು. ಗಣಕಯಂತ್ರ ಬಲ್ಲ ಯುವಕರು ಅದನ್ನೇ ಮೊಬೈಲಿಗೆ ಅಳವಡಿಸಲೂಬಹುದು. ದಶಲಕ್ಷಣ ಪರ್ವದ ಉತ್ತಮ ಸಂಯಮದ ದಿನ ಹಿರಿಯರೂ ಕಿರಿಯರೂ ಪರದೆಯಿಂದ ದೂರವಿರುವ ನಿಯಮವನ್ನು ಸಾಮೂಹಿಕವಾಗಿ ಸ್ವೀಕರಿಸಬಹುದು. ಮರುದಿನ ಬಸದಿಯಲ್ಲಿ ಸೇರಿದಾಗ, ಆ ದಿನ ಯಾರಿಗೆ ಎಷ್ಟು ಕಷ್ಟವಾಯಿತೆಂಬುದನ್ನು ಮಕ್ಕಳಿಗಿಂತ ಮೊದಲು ಹಿರಿಯರು ಹೇಳಲಿ.